ಕೆಂಡಗಣ್ಣನ ಪಾದಗ್ರಹಣ ಪರ್ವ

ಎಲೈ ಉಸಿರೇ! ವೀರರ ಎದೆಯಲ್ಲಿ ಗುಡುಗಾಗಿಯೂ ಹೇಡಿಗಳ ಎದೆಯಲ್ಲಿ ಬಿಕ್ಕಳಿಕೆಯಾಗಿಯೂ ನೆಲಸುವ, ಒಮ್ಮೆ ಒಳಕ್ಕೆಳೆದುಕೊಂಡರೆ ಮರಳಿ ಸ್ವಸ್ಥಾನ ಸೇರುವವರೆಗೂ ‘ಕಬಡ್ಡಿ ಕಬಡ್ಡಿ’ ಎಂಬ ಮಹಾಮಂತ್ರವನ್ನು ಮುರಿಯದೆ ಹೊತ್ತು ನಡೆಸುವ, ಸಕಲಜೀವಕೋಟಿಪ್ರಾಣಾಧಾರಸ್ವರೂಪನಾದ ಉಸಿರೇ, ಈ ಕಥೆ ಮುಗಿಯುವ ತನಕ ನನ್ನ ಎದೆಯಲ್ಲಿ ನಿಲ್ಲು. ಮುಂದೆ ಉದ್ದುದ್ದ ಸಮಾಸಗಳಿವೆ, ಉಬ್ಬಸ ಹತ್ತಿಸುವ ವಾಕ್ಯಗಳಿವೆ. ನಡುದಾರಿಯಲ್ಲಿ ಕೈಕೊಟ್ಟೀಯೆ, ಜೋಕೆ.

ಅದು ಎಂಥ ಯುಗ ಎಂದು ಕೇಳುವಿರಾದರೆ, ಮಣ್ಣಿನಲ್ಲಿ ಹುಟ್ಟಿ ಮಣ್ಣಿನಲ್ಲಿ ಉರುಳಾಡಿ ಮಣ್ಣು ತಿಂದುಕೊಂಡೇ ಬೆಳೆದ ಕಬಡ್ಡಿಯೆಂಬ ಕ್ರೀಡೆಯು ಹಠಾತ್ತನೆ ನೀಲಿ ಮ್ಯಾಟಿನ ಮೇಲೇರಿ, ಮೈಗೆಲ್ಲ ಬಣ್ಣದ ಬೆಳಕು ಬಳಿಸಿಕೊಂಡು, ಟೀವಿಯೊಳಕ್ಕೆ ಪ್ರವೇಶ ಮಾಡಿದ ಯುಗ. ಆಳೆತ್ತರದ ಗಂಡಸರನ್ನು ಸಭೆಯಲ್ಲಿ ನಿಲ್ಲಿಸಿ ಹರಾಜು ಹಾಕಿದರೆ ಅವರ ಮನೆಯವರು ಎದೆ ಬಡಿದುಕೊಳ್ಳುವುದನ್ನು ಬಿಟ್ಟು ಪಟಾಕಿ ಹೊಡೆಯುತ್ತಿದ್ದ ಯುಗ. ಆ ಹರಾಜಿಗೆ ಯೋಗ್ಯರಾದ ಆಳುಗಳನ್ನು ಹುಡುಕಲೆಂದು ದೊಡ್ಡ ತಂಡಗಳ ದೂತರು ಊರೂರಿನ ಕಾಲೇಜುಗಳಿಗೆ ಕಾರಿನಲ್ಲಿ ಬಂದು, ಹುಡುಗರ ತೊಡೆ ತೋಳು ಒತ್ತಿ ನೋಡಿ, ಏನೂ ಹೇಳದೆ ಹೊರಟುಹೋಗುತ್ತಿದ್ದರು. ಅವರು ಏನೂ ಹೇಳದೆ ಹೋದ ಊರುಗಳಲ್ಲಿ ವಾರಗಟ್ಟಲೆ ಅದೇ ಮಾತು.

ಆ ಯುಗದಲ್ಲಿ, ಕಪಿಲಾನದಿಯ ಬಲದಂಡೆಯ ಹೊಸಕೊಪ್ಪಲು ಎಂಬ ಊರಿನ ಪ್ರಥಮ ದರ್ಜೆ ಕಾಲೇಜಿನಲ್ಲಿ, ರಾಗಿಮುದ್ದೆಸಂವರ್ಧಿತನೂ ಅವರೆಕಾಳುಸಾರುಸಂತೃಪ್ತನೂ ವಾಮಕೋಣಾಧಿಪತಿಯೂ ಶತ್ರುಪಾದಗ್ರಹಣಪ್ರವೀಣನೂ ಆದ ಕೆಂಡಗಣ್ಣಸ್ವಾಮಿ ಎಂಬ ವೀರನಿದ್ದನು. ಬಿ.ಎ. ಕೊನೆಯ ವರ್ಷ. ಕೆಂಡಗಣ್ಣ ಎನ್ನುವುದು ಮನೆದೇವರ ಹೆಸರು. ಹುಡುಗನ ಕಣ್ಣುಗಳಲ್ಲಿ ಕೆಂಡವಿರಲಿ, ಬೆಚ್ಚನೆಯ ಬೂದಿಯೂ ಇರಲಿಲ್ಲ. ಈಗ ತಾನೆ ಎದ್ದ ಕರುವಿನ ಹಾಗೆ ಮಿಕಿಮಿಕಿ ನೋಡುತ್ತಿದ್ದ. ಆದರೆ ಅವನ ಕೈಗಳನ್ನು ನೋಡಿದವರು ಕಣ್ಣನ್ನು ಮರೆಯುತ್ತಿದ್ದರು. ಅಂಥ ಅಗಲದ ಅಂಗೈ, ಅಂಥ ದಪ್ಪ ಬೆರಳು.

ವಾಮಕೋಣ ಎಂದರೆ ಕಾಲೇಜಿನ ಹುಡುಗರು ಲೆಫ್ಟ್ ಕಾರ್ನರ್ ಎನ್ನುವ ಜಾಗ. ಅಂಕಣದ ಎಡ ಮೂಲೆಯಲ್ಲಿ ಅಲ್ಲಾಡದೆ ನಿಂತಿದ್ದು, ಎದುರು ತಂಡದ ರೈಡರ್ ಮಂತ್ರ ಜಪಿಸುತ್ತ ಒಳನುಗ್ಗಿ ಕಾಲು ಚಾಚಿದ ಕ್ಷಣದಲ್ಲಿ ಆ ಕಾಲಿನ ಗಿಣ್ಣು ಹಿಡಿದು, ಅವನು ಮಧ್ಯದ ಗೆರೆಗೆ ಮರಳದಂತೆ ಕೆಡವಿಕೊಳ್ಳುವುದು ಆ ಜಾಗದವನ ಕಸುಬು. ಸುತ್ತಮುತ್ತಲ ಕಾಲೇಜುಗಳಲ್ಲಿ ಕೆಂಡಗಣ್ಣನ ಕೈಗೆ ಸಿಕ್ಕಿ ಬಿಡಿಸಿಕೊಂಡು ಹೋದ ಕಾಲು ಇರಲಿಲ್ಲ. ಬಿಡಿಸಿಕೊಂಡು ಹೋದ ಶೂ ಇತ್ತು, ಕಾಲ್ಚೀಲವಿತ್ತು, ಕಾಲಿರಲಿಲ್ಲ.

ಈ ವೀರನನ್ನು ಸಾಕಿ ಬೆಳೆಸಿದವಳು ಅವನ ಅಜ್ಜಿ ಚಿಕ್ಕತಾಯಮ್ಮ. ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಬಾಗಿಲಿಗೆ ಹಿರಿಯರು ಯಾರೇ ಬರಲಿ, ನೆಂಟರಾಗಲಿ, ಪೋಸ್ಟಿನವನಾಗಲಿ, ಕರೆಂಟ್ ಮೀಟರು ನೋಡಲು ಬಂದವನಾಗಲಿ, ಹುಡುಗ ಹೋಗಿ ಅವರ ಕಾಲು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು. ಹಾಗೆ ಮಾಡದ ದಿನ ತಟ್ಟೆಗೆ ಮುದ್ದೆ ಬೀಳುತ್ತಿರಲಿಲ್ಲ. ನಮ್ಮ ಕೆಂಡಗಣ್ಣನ ಗಾತ್ರವನ್ನು ನೋಡಿದರೆ ಅವನು ಒಂದು ದಿನವೂ ತಪ್ಪಿಸಿರಲಾರನೆಂದು ಯಾರಿಗಾದರೂ ತಿಳಿಯುತ್ತಿತ್ತು.

ಇನ್ನು ಅವನ ಗುರು. ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು ಚೆಲುವಯ್ಯನವರು ಸೀಟಿಯನ್ನು ಕೊರಳಲ್ಲಿ ತಾಳಿಯ ಹಾಗೆ ಧರಿಸಿ, ಸ್ನಾನಕ್ಕೂ ತೆಗೆಯದೆ, ಆ ಊರಿನ ಹುಡುಗರನ್ನು ಆಡಿಸುತ್ತ ಬಂದವರು. ಟೀವಿಯಲ್ಲಿ ಆಡುವ ಭೇರುಂಡಾಸ್ ತಂಡದವರಿಗೆ ಫೋನು ಮಾಡಿ ಮಾಡಿ, ‘ಒಂದು ಸಲ ಬಂದು ನೋಡಿ ಸ್ವಾಮಿ’ ಎಂದು ಗೋಗರೆದು, ಕಡೆಗೂ ಆ ತಂಡದ ಪರೀಕ್ಷಕರನ್ನು ಹೊಸಕೊಪ್ಪಲಿಗೆ ಬರಮಾಡಿಕೊಂಡವರು ಅವರೇ. ಹಿಂದೆ ಯಾವ ತಂಡದವರೂ ಆ ಊರಿಗೆ ಬಂದದ್ದಿಲ್ಲ. ಮುಂದೆ ಬರುವ ಭರವಸೆಯೂ ಇರಲಿಲ್ಲ.

ಆದ್ದರಿಂದ ಏನು ಪಣಕ್ಕಿತ್ತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಕೆಂಡಗಣ್ಣ ಪರೀಕ್ಷೆಯಲ್ಲಿ ಗೆದ್ದರೆ ಭೇರುಂಡಾಸ್ ತಂಡದ ತರಬೇತಿ ಕ್ಯಾಂಪಿಗೆ ಹೋಗುವನು. ಸೋತರೆ, ಸೋದರಮಾವನ ಕೋಳಿಫಾರ್ಮಿನಲ್ಲಿ ಮೊಟ್ಟೆಯ ಟ್ರೇಗಳನ್ನು ವ್ಯಾನಿಗೆ ಏರಿಸುವ ಕೆಲಸ ಕಾದು ಕುಳಿತಿತ್ತು. ರಜೆಯಲ್ಲೆಲ್ಲ ಅವನು ಮಾಡಿದ್ದು ಅದನ್ನೇ. ದಿಗ್ಗಜಗಳ ಕಾಲು ಹಿಡಿದು ಕೆಡವಲು ಸೃಷ್ಟಿಯಾದ ಕೈಗಳು ಜೀವಮಾನವಿಡೀ ಮೊಟ್ಟೆ ಒಡೆಯದಂತೆ ಹಿಡಿದಿರಬೇಕು ಎಂಬ ಯೋಚನೆ ಬಂದಾಗಲೆಲ್ಲ ಆ ಹುಡುಗನಿಗೆ ನಿಜವಾಗಿಯೂ ಅಳು ಬರುತ್ತಿತ್ತು. ಅವನಿಗೆ ಮ್ಯಾಟಿನ ಮೇಲೆ ನಿಲ್ಲುವ ಆಸೆ ಅಷ್ಟಿತ್ತು.

ಹೀಗಿರಲಾಗಿ, ಒಂದು ಶುಭ ಶನಿವಾರ ಮುಂಜಾವು ಕಳೆದ ಹೊತ್ತಿನಲ್ಲಿ, ಧೂಳಿನ ಮೇಘವೊಂದನ್ನು ಹಿಂದೆ ಎಳೆದುಕೊಂಡು ಬಿಳಿಯ ಕಾರೊಂದು ಕಾಲೇಜಿನ ಆವರಣಕ್ಕೆ ಬಂದಿತು. ಅದರಿಂದ ಇಳಿದವರು ಉತ್ತರದಿಗ್ವಿಭಾಗವಿಖ್ಯಾತರೂ, ಒಂದಾನೊಂದು ಕಾಲದಲ್ಲಿ ಏಕಾಂಗಿಯಾಗಿ ನುಗ್ಗಿ ಏಳು ಜನರ ಕೋಟೆಯನ್ನು ಬರಿದು ಮಾಡಿ ಹಿಂದಿರುಗುತ್ತಿದ್ದ ಮಹಾರೈಡರರೂ ಆದ ಯಮನಪ್ಪ ಹಲಗಲಿ. ಬಾಗಲಕೋಟೆ ಕಡೆಯವರು, ಭೇರುಂಡಾಸ್ ತಂಡದ ಪರೀಕ್ಷಕರು. ಈಗ ಕಿವಿಯ ಮೇಲೆ ಬಿಳಿಗೂದಲು, ಹೊಟ್ಟೆಯ ಮೇಲೆ ಸ್ವಲ್ಪ ಸಂಸಾರ. ಆದರೆ ನಡಿಗೆ ಮಾತ್ರ ಹಳೆಯದೇ, ಯಾವ ಕ್ಷಣದಲ್ಲಿ ಯಾವ ಕಾಲು ಎತ್ತುತ್ತಾರೆಂದು ತಿಳಿಯುತ್ತಿರಲಿಲ್ಲ.

ಅವರನ್ನು ಕ್ರೀಡಾಕೊಠಡಿಯ ಬೆಂಚಿನ ಮೇಲೆ ಕೂರಿಸಿ, ಚೆಲುವಯ್ಯನವರು ಉಪ್ಪಿಟ್ಟು ಬಾಳೆಹಣ್ಣು ಇರಿಸಿದರು. ಬಳಿಕ ಒಳಗಿನಿಂದ ತಟ್ಟೆಯಲ್ಲಿ ಕಾಫಿಲೋಟಗಳನ್ನು ಇಟ್ಟುಕೊಂಡು, ತಲೆ ತಗ್ಗಿಸಿ, ಸಾಕ್ಷಾತ್ ಕೆಂಡಗಣ್ಣನೇ ಬಂದನು. ಕೋಣೆಗೆ ಕೋಣೆಯೇ ಹೆಣ್ಣು ನೋಡುವ ಶಾಸ್ತ್ರದ ಮನೆಯಾಯಿತು. ಹುಡುಗ ಕಾಫಿ ಕೊಟ್ಟು, ಬಗ್ಗಿ, ಯಮನಪ್ಪನವರ ಶೂಗಳನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡನು. ಯಮನಪ್ಪನವರ ಬಾಯಿತುಂಬ ಆಗ ಉಪ್ಪಿಟ್ಟು. ಆದರೂ ಆ ಮಹಾನುಭಾವರು ತಡಮಾಡದೆ, ಸಾಸಿವೆಕಾಳೊಂದನ್ನು ಹುಡುಗನ ತಲೆಯ ಮೇಲೆ ಅಕ್ಷತೆಯಂತೆ ಬೀಳಿಸುತ್ತ, “ಚಲೋ ಆಗ್ಲಿಪಾ, ನೂರು ವರ್ಷ ಬಾಳು” ಎಂದು ಹರಸಿಯೇ ಬಿಟ್ಟರು. ಅವರ ಮನೆಯಲ್ಲೂ ಅಂಥದೇ ಒಬ್ಬ ಅಜ್ಜಿ ಇದ್ದಿರಬೇಕು.

ಆಮೇಲೆ ಪರೀಕ್ಷೆ. ಹುಡುಗನನ್ನು ಆ ಕಡೆಯಿಂದ ಈ ಕಡೆ ನಡೆಸಿದರು. ಕೂರಿಸಿದರು, ಎಬ್ಬಿಸಿದರು. ಅಂಗೈ ಚಾಚಿಸಿ ತಮ್ಮ ಗೇಣಿನಿಂದ ಅಳೆದರು, ಹಿಮ್ಮಡಿಯ ನರವನ್ನು ಚಿವುಟಿ ನೋಡಿದರು, ಮಂಡಿಯ ಚಿಪ್ಪನ್ನು ಅಲ್ಲಾಡಿಸಿ ಕಿವಿಗೊಟ್ಟು ಕೇಳಿದರು. ಹಾಡಲು ಬರುತ್ತದೆಯೇ ಎಂಬುದೊಂದನ್ನು ಕೇಳಲಿಲ್ಲ. ಚೆಲುವಯ್ಯನವರು ಪಕ್ಕದಲ್ಲಿ ಕೈಹೊಸೆಯುತ್ತ, ಹುಡುಗ ಬಹಳ ಸಾಧು, ಬೀಡಿ ಸಿಗರೇಟು ಮುಟ್ಟುವವನಲ್ಲ, ಮನೆಗೆಲಸವೂ ಬರುತ್ತದೆ ಎಂದು ಕೇಳದ ಮಾತುಗಳನ್ನೆಲ್ಲ ಹೇಳಿದರು. ಯಮನಪ್ಪನವರು ಹೂಂ ಎಂದರಷ್ಟೆ.

ಆ ಹೂಂಕಾರದಿಂದ ಕೆರಳಿದ ಗುರುವು ಎದ್ದು ನಿಂತು, ಸೀಟಿಯನ್ನು ಬಲಗೈಯಲ್ಲಿ ಬಿಗಿಹಿಡಿದು, ಇಂತೆಂದು ಗರ್ಜಿಸಿದನು: ‘ಎಲೈ ಭೇರುಂಡಸೇನಾಧಿಪತಿಯೇ, ಕೇಳು! ಗ್ರಹಣದಲ್ಲಿ ಸಿಕ್ಕ ಚಂದ್ರನಿಗಾದರೂ ಮೋಕ್ಷಕಾಲವೆಂಬುದುಂಟು. ನನ್ನ ಶಿಷ್ಯನ ಮುಷ್ಟಿಯಲ್ಲಿ ಸಿಕ್ಕ ಕಾಲಿಗೆ ಪಂಚಾಂಗದಲ್ಲಿಯೇ ಮೋಕ್ಷವಿಲ್ಲ! ಕಪಿಲೆಯು ಹಿಂದಕ್ಕೆ ಹರಿದೀತು, ಕಾಲೇಜಿನ ಗಡಿಯಾರವು ಸರಿಯಾದ ಹೊತ್ತು ತೋರೀತು, ಈ ಹಿಡಿತವು ಮಾತ್ರ ಸಡಿಲದು!’ ನಡೆದದ್ದನ್ನು ನಡೆದಂತೆಯೇ ಹೇಳಬೇಕೆಂದು ಹಟ ಹಿಡಿಯುವ ಕೆಲವರು ನಿಮ್ಮಲ್ಲಿ ಇರುತ್ತೀರಿ, ಬಲ್ಲೆ. ಅಂಥವರಿಗಾಗಿ ಹೇಳುತ್ತೇನೆ, ಮೇಷ್ಟ್ರು ಆಡಿದ ಮಾತು ಇಷ್ಟೆ:

“ಇವ್ನು ಕಾಲ್ ಹಿಡಿದ್ರೆ ಬುಡೋನಲ್ಲ ಸಾರ್.”

ಅದಕ್ಕೆ ಸೇನಾಧಿಪತಿಯು ಮೀಸೆಯಂಚಿನ ಕಾಫಿಯನ್ನು ಒರೆಸಿಕೊಂಡು, ಅಟ್ಟಹಾಸಗೈದು, ‘ಎಲೈ ಕಪಿಲಾತೀರದ ಗುರುವೇ! ಈ ನನ್ನ ಚರಣಗಳನ್ನು ಹಿಡಿದವರ ಪಟ್ಟಿಯು ಉದ್ದವಾಗಿದೆ. ಹಿಡಿದು ಉಳಿಸಿಕೊಂಡವರ ಪಟ್ಟಿಯು ಇನ್ನೂ ಆರಂಭವಾಗಬೇಕಿದೆ’ ಎಂದು ನುಡಿದನು. ಅಂದರೆ, “ಹಿಡಿಯೂದು ಎಲ್ಲಾರೂ ಹಿಡೀತಾರ್ರೀ ಮಾಸ್ತರ. ನೋಡೂಣಂತ” ಎಂದು ಹೇಳಿ ಬಾಳೆಹಣ್ಣು ಸುಲಿದರು.

ಸಭಾಂಗಣದ ನೆಲಕ್ಕೆ ಹಳೆಯ ಮ್ಯಾಟುಗಳನ್ನು ಜೋಡಿಸಿ ಅಂಕಣ ಮಾಡಲಾಗಿತ್ತು. ಸುತ್ತ ಇಡೀ ಕಾಲೇಜು ಸೇರಿತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿ, ಮೊಮ್ಮಗನ ಪರೀಕ್ಷೆ ಎಂದು ಕೇಳಿ ಎಲೆಅಡಿಕೆ ಚೀಲದೊಡನೆ ಬಂದಿದ್ದ ಚಿಕ್ಕತಾಯಮ್ಮ. ಪರೀಕ್ಷೆ ಎಂದರೆ ಬರೆಯುವುದು ಎಂದುಕೊಂಡು ಅವಳು ಒಂದು ಪೆನ್ನನ್ನೂ ತಂದಿದ್ದಳು.

ಮೊದಲು ಯಮನಪ್ಪನವರು ತಮ್ಮ ಜೊತೆ ಕರೆತಂದಿದ್ದ ಎಳೆಯ ರೈಡರುಗಳನ್ನು ಬಿಟ್ಟರು. ಅವರು ಬಂದರು, ಬಿದ್ದರು. ಒಬ್ಬನು ಗಾಳಿಯಲ್ಲಿ ಹಾರಿದನು, ಹಾರುತ್ತಿದ್ದಂತೆಯೇ ಹಿಡಿಯಲ್ಪಟ್ಟನು. ಇನ್ನೊಬ್ಬನು ಎಡಗಾಲು ತೋರಿಸಿ ಬಲಗಾಲು ಚಾಚಿದನು, ಎರಡನ್ನೂ ಕಳೆದುಕೊಂಡನು. ಕೆಂಡಗಣ್ಣನು ಹೊಲದಲ್ಲಿ ಗೆಣಸು ಕೀಳುವವನಂತೆ, ಯಾವ ಆವೇಶವೂ ಇಲ್ಲದೆ, ಒಂದಾದ ಮೇಲೊಂದು ಕಾಲನ್ನು ಹಿಡಿದು ಎಳೆದು ಮಲಗಿಸಿದನು. ಮಲಗಿಸಿದ ಮೇಲೆ ‘ಏಟಾಯ್ತಾ ಮಗ?’ ಎಂದು ವಿಚಾರಿಸಿದನು. ಕಾಲೇಜು ಕೇಕೆ ಹಾಕಿತು. ಚೆಲುವಯ್ಯನವರು ಯಮನಪ್ಪನವರ ಮುಖವನ್ನು ಓರೆಗಣ್ಣಿನಲ್ಲಿ ನೋಡಿದರು. ಆ ಮುಖದಲ್ಲಿ ಏನೂ ಕಾಣಲಿಲ್ಲ.

ಯಮನಪ್ಪನವರ ಅನುಮಾನ ಬೇರೆಯೇ ಇತ್ತು. ದೊಡ್ಡ ಲೀಗಿನಲ್ಲಿ ಎಳೆಯರು ಎಷ್ಟೋ ಅಷ್ಟೇ ಮಂದಿ ಪಳಗಿದ ಹಳಬರೂ ಇರುತ್ತಾರೆ. ಓರಗೆಯವರನ್ನು ಹಿಡಿಯುವ ಹುಡುಗ ಹಳಬರ ಎದುರು ಹೇಗೆ ಎಂದು ನೋಡದೆ ಕರೆದುಕೊಂಡು ಹೋದರೆ ತಂಡದವರು ತಮ್ಮನ್ನು ಬೈಯುತ್ತಾರೆ ಎಂದು ಅವರು ಮೇಷ್ಟ್ರಿಗೆ ಮೆಲ್ಲಗೆ ತಿಳಿಸಿದರು. ತಿಳಿಸುತ್ತಲೇ ಅಂಗಿ ಬಿಚ್ಚಿದರು. ಶೂ ಬಿಚ್ಚಿದರು, ಕಾಲ್ಚೀಲ ಬಿಚ್ಚಿದರು. ಮಣ್ಣಿನ ಮೇಲೆ ಆಡಿ ಬೆಳೆದ ತಮಗೆ ಬರಿಗಾಲೇ ಸರಿ ಎಂದರು. ಪ್ಯಾಂಟನ್ನು ಮಂಡಿಯವರೆಗೆ ಮಡಚಿ, ನೆಲ ಮುಟ್ಟಿ ನಮಸ್ಕರಿಸಿ, ಮಧ್ಯದ ಗೆರೆಯ ಮೇಲೆ ನಿಂತರು.

ಈಗ ಬಾ, ಉಸಿರೇ, ಈಗ ಬೇಕು ನೀನು. ಶತಯುದ್ಧಪರಿಣತನೂ ಶ್ವೇತಕರ್ಣಕೇಶನೂ ಕಿಂಚಿದುದರಭಾರಮಂಥರಗಮನನೂ ಆದ ಆ ಹಳೆಯ ಹುಲಿಯು ‘ಕಬಡ್ಡಿ ಕಬಡ್ಡಿ’ ಎಂಬ ಮಂತ್ರವನ್ನು ಜೇನಿನ ಹುಟ್ಟಿನೊಳಗಿನ ಮೊರೆತದಂತೆ ಮೆಲುದನಿಯಲ್ಲಿ ಜಪಿಸುತ್ತ, ಬಲಕ್ಕೆ ಬಾಗಿ ಎಡಕ್ಕೆ ಸರಿದು, ಹೋಗುವವನಂತೆ ತಿರುಗಿ ಬರುವವನಾಗಿ, ಕಣ್ಣಿನಲ್ಲಿ ಒಂದು ದಿಕ್ಕನ್ನೂ ಭುಜದಲ್ಲಿ ಇನ್ನೊಂದು ದಿಕ್ಕನ್ನೂ ತೋರಿ, ಫಕ್ಕನೆ ಎಡಮೂಲೆಗೆ ಕಾಲು ಚಾಚಲು, ಕೆಂಡಗಣ್ಣನು ಅಷ್ಟೇ ಫಕ್ಕನೆ ಕುಸಿದು ಆ ಕಾಲಿನ ಗಿಣ್ಣನ್ನು ಎರಡೂ ಕೈಗಳಿಂದ ಹಿಡಿದುಬಿಟ್ಟನು. ಸಭಾಂಗಣ ನಡುಗುವಂತೆ ಹುಯಿಲೆದ್ದಿತು. ಹಿಡಿತ ಅಂಥದು. ಆದರೆ ಮರುಕ್ಷಣದಲ್ಲಿ ಹುಡುಗನ ಬಲಗೈ ಕಾಲನ್ನು ಬಿಟ್ಟು, ಮೇಲೆದ್ದು, ಅವನ ಎರಡು ಕಣ್ಣುಗಳಿಗೂ ಭಕ್ತಿಯಿಂದ ಒತ್ತಿಕೊಂಡಿತು. ಯಮನಪ್ಪನವರು ಕಾಲು ಕಿತ್ತುಕೊಂಡು ಗೆರೆ ದಾಟಿ ಹೋದರು.

ಬೆವರು ಕಣ್ಣಿಗೆ ಇಳಿದಿರಬೇಕು ಎಂದು ಕೆಲವರು ಅಂದರು. ಮ್ಯಾಟಿನ ಧೂಳು ಎಂದು ಇನ್ನು ಕೆಲವರು. ಯಮನಪ್ಪನವರು ಮತ್ತೆ ಬಂದರು. ಮತ್ತೆ ಅದೇ ಮಿಂಚು, ಅದೇ ಗಿಣ್ಣು, ಅದೇ ಉಕ್ಕಿನ ಹಿಡಿತ. ಈ ಸಲ ಎರಡೂ ಕೈಗಳು ಕಾಲನ್ನು ಬಿಟ್ಟು ಎರಡೂ ಕಣ್ಣಿಗೆ ಹೋದವು. ಯಮನಪ್ಪನವರು ಓಡುವ ಅಗತ್ಯವೂ ಇಲ್ಲದೆ ನಡೆದುಕೊಂಡೇ ವಾಪಸಾದರು. ಕಾಲೇಜಿನ ಹುಡುಗರು ತಲೆಯ ಮೇಲೆ ಕೈಹೊತ್ತರು, ಮುಂದಿನ ಸಾಲಿನಲ್ಲಿ ಒಬ್ಬಳು ಮಾತ್ರ ಮೊಮ್ಮಗನ ನಡತೆಯನ್ನು ನೋಡಿ ತೃಪ್ತಿಯಿಂದ ಅಡಿಕೆ ಕಡಿದಳು.

ಚೆಲುವಯ್ಯನವರು ಸ್ವಲ್ಪ ಬಿಡುವು ಕೇಳಿ, ಶಿಷ್ಯನ ರಟ್ಟೆ ಹಿಡಿದು ಮೂಲೆಗೆ ಎಳೆದುಕೊಂಡು ಹೋದರು.

“ಯಾಕ್ಲಾ ಬುಟ್ಟೆ?”

“ನಾ ಬುಡ್ಲಿಲ್ಲ ಸಾರ್. ಕೈ ತಾನೇ ಓಯ್ತದೆ.”

“ಎಲ್ಲಿಗ್ಲಾ ಓಯ್ತದೆ?”

ಹುಡುಗ ತನ್ನ ಕಣ್ಣುಗಳನ್ನು ತೋರಿಸಿದನು. ಆಮೇಲೆ ತಡೆದು ತಡೆದು ಹೇಳಿದ್ದು ಇಷ್ಟು. ಇಷ್ಟು ದಿನ ಹಿಡಿದದ್ದೆಲ್ಲ ಓರಗೆಯ ಹುಡುಗರ ಶೂಗಳನ್ನು. ಈ ಕಾಲು ಹಾಗಲ್ಲ. ಬರಿಗಾಲು, ಹಿಮ್ಮಡಿ ಒಡೆದಿದೆ, ಥೇಟ್ ಅಜ್ಜಿಯ ಹಿಮ್ಮಡಿಯೇ. ಬೆರಳಿಗೆ ಆ ಬಿರುಕು ತಾಕಿದ ಕೂಡಲೇ ಕೈ ತನ್ನ ಮಾತು ಕೇಳುತ್ತಿಲ್ಲ. ಹೇಳುತ್ತ ಹೇಳುತ್ತ ಅವನ ಕಣ್ಣೆದುರಿಗೆ ಆಗಲೇ ಮೊಟ್ಟೆಯ ಟ್ರೇಗಳು ಒಂದರ ಮೇಲೊಂದು ಏರತೊಡಗಿದ್ದವು.

ಶಿಷ್ಯನು ರಣರಂಗದ ನಟ್ಟನಡುವೆ ಹೀಗೆ ಕೈಚೆಲ್ಲಿ ಕುಳಿತಾಗ ಗುರುವಾದವನು ಉಪದೇಶ ಮಾಡಲೇಬೇಕು, ಅದು ಪದ್ಧತಿ. ಚೆಲುವಯ್ಯನವರೂ ಮಾಡಿದರು. ಈ ಬಿಳಿಗೆರೆಗಳ ಒಳಗೆ ಕಾಲಿಟ್ಟವನಿಗೆ ವಯಸ್ಸಿಲ್ಲ, ಬಿಳಿಗೂದಲಿಲ್ಲ, ಊರಿಲ್ಲ, ಮನೆಯಿಲ್ಲ. ಅವನು ಹಿರಿಯನೂ ಅಲ್ಲ ಕಿರಿಯನೂ ಅಲ್ಲ, ಕೇವಲ ರೈಡರ್. ಆ ಕಾಲು ಕಾಲಲ್ಲ, ಒಂದು ಪಾಯಿಂಟು. ಆದಕಾರಣ ಏಳು, ಎದ್ದು ಎಡಮೂಲೆಗೆ ಹೋಗು, ಹಿಡಿ, ಹಿಡಿದದ್ದನ್ನು ನನ್ನಾಣೆಗೂ ಬಿಡಬೇಡ ಎಂದು, ಎಂದೂ ಇಷ್ಟುದ್ದ ಮಾತಾಡದ ಮನುಷ್ಯ, ಬೆವರು ಸುರಿಸಿಕೊಂಡು ತತ್ತ್ವಬೋಧೆ ಮಾಡಿದರು. ಕೆಂಡಗಣ್ಣನ ಮುಖ ಅರಳಿತು. ಸಂಶಯವೆಲ್ಲ ಹರಿಯಿತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಚಿಕ್ಕತಾಯಮ್ಮ, ಯಾರಿಗೆಂದಿಲ್ಲದೆ ಹೇಳಿದಳು:

“ಹಿರೀಕರ ಕಾಲ್ ಹಿಡ್ಕಂಡು ದರದರ ಎಳ್ಯಾದು, ಅದೇನ್ ಆಟ್ವೋ ಕಾಣೆ.”

ಗುರೂಪದೇಶದ ಅರ್ಧ ಅಲ್ಲಿಯೇ ಸೋರಿಹೋಯಿತು. ಉಳಿದರ್ಧವನ್ನು ಕಟ್ಟಿಕೊಂಡು ಹುಡುಗ ತನ್ನ ಮೂಲೆಗೆ ನಡೆದನು.

ಇನ್ನೊಂದೇ ಸಲ ಎಂದು ಯಮನಪ್ಪನವರು ಸನ್ನೆ ಮಾಡಿದರು. ಈ ಸಲವೂ ಬಿಟ್ಟರೆ ಕಾರು ಹತ್ತುವುದೇ ಎಂಬುದು ಅವರ ಮುಖದಲ್ಲೇ ಬರೆದಿತ್ತು. ಅವರು ದಮ್ಮು ಎಳೆದುಕೊಂಡರು, ಮಂತ್ರ ಎತ್ತಿದರು, ಒಳಗೆ ಬಂದರು.

ಎಲೈ ಕೇಳುಗರೇ, ಆ ಮೂರನೆಯ ಸಮರವನ್ನು ಬಣ್ಣಿಸಲು ನನ್ನ ಬಳಿ ಇರುವ ಸಮಾಸಗಳೆಲ್ಲ ಸಾಲವು. ಅತ್ತ ಹಲಗಲಿಯ ಹಳೆಯ ಹುಲಿ, ಇತ್ತ ಹೊಸಕೊಪ್ಪಲಿನ ಸಾಧು ಸಿಂಹ. ಅತ್ತ ಕೊನೆಯ ಸಲವೆಂಬ ಉಡಾಫೆ, ಇತ್ತ ಕೊನೆಯ ಸಲವೆಂಬ ಪ್ರಾಣಸಂಕಟ. ನಡುವೆ ಒಂದು ಬರಿಗಾಲು, ಒಡೆದ ಹಿಮ್ಮಡಿಯದು, ಎಡಮೂಲೆಯತ್ತ ನಿಧಾನವಾಗಿ ಚಾಚಿ ಬರುತ್ತಿರಲು, ಕೆಂಡಗಣ್ಣನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಗುರುವನ್ನು ನೆನೆದು, ಆ ಕಾಲಿನ ಮೇಲೆ ಬಿದ್ದನು. ಹಿಡಿದನು. ಒಂದು ಕ್ಷಣ ಹಿಡಿದೇ ಇದ್ದನು. ಯಮನಪ್ಪನವರು ಒಂದು ಹೆಜ್ಜೆ ಎಳೆದರು, ಹುಡುಗ ಅಲ್ಲಾಡಲಿಲ್ಲ. ಎರಡನೆಯ ಹೆಜ್ಜೆ ಎಳೆದರು, ಮ್ಯಾಟೇ ಸ್ವಲ್ಪ ಜರುಗಿತು. ಚೆಲುವಯ್ಯನವರ ಸೀಟಿ ತುಟಿಗೆ ಬಂತು. ಆಗ ಹೆಬ್ಬೆರಳಿಗೆ ಆ ಹಿಮ್ಮಡಿಯ ಬಿರುಕು ತಾಕಿತು.

ಮುಗಿಯಿತು. ಕೈಗಳು ತಮ್ಮ ಪಾಡಿಗೆ ತಾವು ಬಿಟ್ಟವು, ಕಣ್ಣಿಗೆ ಹೋದವು. ತಾನು ಸೋತೆನೆಂದು ಹುಡುಗನಿಗೆ ತಿಳಿಯಿತು. ಇನ್ನು ಕಳೆದುಕೊಳ್ಳಲು ಏನೂ ಉಳಿದಿಲ್ಲ ಎಂದಾದ ಮೇಲೆ, ಅರ್ಧ ನಮಸ್ಕಾರ ಮಾಡುವುದು ಮನೆಯಲ್ಲಿ ಕಲಿತದ್ದಲ್ಲವಾದ್ದರಿಂದ, ಅವನು ಮ್ಯಾಟಿನ ಮೇಲೆ ಪೂರ್ತಿ ಬಾಗಿ, ಆ ಮಹಾರೈಡರರ ಬರಿಪಾದದ ಮೇಲೆ ತನ್ನ ತಲೆಯನ್ನು ಇಟ್ಟುಬಿಟ್ಟನು. ಇಷ್ಟು ದೂರದಿಂದ ತನಗಾಗಿ ಬಂದರಲ್ಲ, ಅದಕ್ಕಾದರೂ ಇರಲಿ ಎಂಬುದು ಅವನ ಮನಸ್ಸಿನಲ್ಲಿತ್ತು.

ಯಮನಪ್ಪನವರು ಗೆರೆಯ ಕಡೆಗೆ ತಿರುಗಿದ್ದವರು ಕೆಳಗೆ ನೋಡಿದರು. ಪಾದದ ಮೇಲೆ ಬೆವೆತ ಹಣೆ. ಬಾಯಲ್ಲಿ ಇನ್ನೂ ‘ಕಬಡ್ಡಿ ಕಬಡ್ಡಿ’ ನಡೆದೇ ಇತ್ತು. ಮೂರು ಹೆಜ್ಜೆ ಇಟ್ಟರೆ ಜಯ. ಅವರ ಬಲಗೈ ತಾನಾಗಿ ಮೇಲೆದ್ದು ಹುಡುಗನ ತಲೆಯ ಮೇಲೆ ಬಂದು ನಿಂತಿತು.

“ಚಲೋ ಆಗ್ಲಿಪಾ, ನೂರು ವರ್ಷ ಬಾಳು.”

ಹೇಳಿ ಮುಗಿಸಿದ ಮೇಲೆ ಅವರಿಗೆ ತಾವು ಹೇಳಿದ್ದು ಕೇಳಿಸಿತು. ಎದುರಾಳಿಯ ನೆಲದಲ್ಲಿ ನಿಂತು ಮಂತ್ರ ಬಿಟ್ಟು ಬೇರೆ ಮಾತಾಡಿದ ರೈಡರ್ ಔಟು. ಇದು ಕಬಡ್ಡಿ ಹುಟ್ಟಿದಂದಿನಿಂದ ಇರುವ ಕಾನೂನು, ಮಣ್ಣಿನಲ್ಲೂ ಇದೇ, ಮ್ಯಾಟಿನಲ್ಲೂ ಇದೇ. ಕಾಲುಗಿಣ್ಣು ಮುರಿದುಕೊಂಡಾಗಲೂ, ಹಲ್ಲು ಉದುರಿದಾಗಲೂ, ಒಮ್ಮೆ ಚಡ್ಡಿಯ ಲಾಡಿ ಹರಿದಾಗಲೂ ದಮ್ಮು ಬಿಡದಿದ್ದ ಯಮನಪ್ಪ ಹಲಗಲಿಯವರು ಹೊಸಕೊಪ್ಪಲಿನ ಹಳೆಯ ಮ್ಯಾಟಿನ ಮೇಲೆ ದಮ್ಮು ಬಿಟ್ಟಿದ್ದರು.

ಚೆಲುವಯ್ಯನವರು ಸೀಟಿ ಊದಲು ಮರೆತು ಬಾಯಿ ತೆರೆದು ನಿಂತಿದ್ದರು. ಊದುವ ಅಗತ್ಯವೂ ಬೀಳಲಿಲ್ಲ. ಯಮನಪ್ಪನವರೇ, ಮಣ್ಣಿನ ಕಾಲದ ಆಟಗಾರರು ಮಾಡುತ್ತಿದ್ದಂತೆ, ಕೈ ಎತ್ತಿ ತಾವು ಔಟೆಂದು ತೋರಿಸಿ, ತಲೆ ಅಲ್ಲಾಡಿಸುತ್ತ ಅಂಕಣದ ಹೊರಕ್ಕೆ ನಡೆದರು. ಆಮೇಲೆ ಸಭಾಂಗಣಕ್ಕೆ ಅರ್ಥವಾಯಿತು. ಕೂಗು ಎದ್ದಿತು ನೋಡಿ, ಗೋಡೆಯ ಮೇಲಿನ ಗಡಿಯಾರ ಗಾಬರಿಯಿಂದ ಸ್ವಲ್ಪ ಹೊತ್ತು ನಡೆದೇಬಿಟ್ಟಿತು. ಕೆಂಡಗಣ್ಣನು ಮಾತ್ರ ಏನಾಯಿತೆಂದು ತಿಳಿಯದೆ, ಯಾರ ಪಾದವೂ ಇಲ್ಲದ ಜಾಗದಲ್ಲಿ ಇನ್ನೂ ತಲೆಯಿಟ್ಟು ಬಾಗಿಕೊಂಡೇ ಇದ್ದನು.

ಅಂಕಣದ ಬದಿಯ ಬೆಂಚಿನ ಮೇಲೆ ಕುಳಿತು ಕಾಲ್ಚೀಲ ಹಾಕಿಕೊಳ್ಳುತ್ತ ಯಮನಪ್ಪನವರು ಬಹಳ ಹೊತ್ತು ಯೋಚಿಸಿದರು. ಇದನ್ನು ಹಿಡಿತವೆಂದು ಲೆಕ್ಕ ಹಾಕಬೇಕೋ ಬಿಡಬೇಕೋ ಎಂಬುದೇ ಅವರಿಗೆ ಬಗೆಹರಿಯಲಿಲ್ಲ. ಕೈಯಲ್ಲಿ ಏನೂ ಕೊರತೆ ಇಲ್ಲ, ಅಂಥ ಕೈಯನ್ನು ತಾವು ಕಂಡಿದ್ದೇ ಕಡಿಮೆ ಎಂದು ಮೇಷ್ಟ್ರಿಗೆ ಒಪ್ಪಿಕೊಂಡರು. ಆದರೆ ಲೀಗಿನ ಹಳಬರೆಲ್ಲರ ಕಾಲಿಗೆ ಇವನು ಹೀಗೆಯೇ ಬೀಳುತ್ತ ಹೋದರೆ, ಅವರೆಲ್ಲರೂ ತಮ್ಮಂತೆ ಹರಸುತ್ತ ನಿಲ್ಲುವರೆಂದು ಏನು ಖಾತರಿ? ಹಾಗೆಂದು ಬಿಟ್ಟುಹೋಗಲೂ ಮನಸ್ಸಿಲ್ಲ. ಬಿಟ್ಟುಹೋದರೆ ತಮ್ಮ ದಮ್ಮು ಬಿಡಿಸಿದ ಹುಡುಗ ಯಾರೆಂದು ಯಾರಾದರೂ ಕೇಳಿದಾಗ ಏನು ಹೇಳುವುದು? ಕಡೆಗೆ ಶೂ ದಾರ ಕಟ್ಟಿ ತಲೆಯೆತ್ತಿದರು.

“ಸೋಮವಾರ ಕ್ಯಾಂಪಿಗೆ ಬಾ. ತಂಡಕ್ಕ ತಗೊಂಡೀನಿ ಅಂತ ಅಲ್ಲ ಮತ್ತ. ಬಾ, ಅಷ್ಟ.”

ಚೆಲುವಯ್ಯನವರು ಗೋಡೆಯ ಕಡೆ ತಿರುಗಿಕೊಂಡು ಕಣ್ಣೊರೆಸಿಕೊಂಡರು. ಇಷ್ಟು ವರ್ಷ ಸೀಟಿ ಊದಿದ್ದಕ್ಕೆ ಇದೊಂದು ದಿನ ಸಾಕು ಎಂದು ಅವರಿಗೆ ಅನ್ನಿಸಿತು. ಯಮನಪ್ಪನವರು ಕ್ಯಾಂಪಿನ ನಿಯಮಗಳನ್ನು ತಿಳಿಸಿದರು. ಮೊದಲನೆಯದು, ಅಲ್ಲಿ ಯಾರ ಕಾಲಿಗೂ ನಮಸ್ಕಾರ ಮಾಡಕೂಡದು. ಕಾಲು ಕಂಡರೆ ಕೆಡವಬೇಕು, ಅಷ್ಟೆ. ಎರಡನೆಯದು, ಹೊಸಬರಿಗೆ ಬಂದ ಕೂಡಲೇ ಮ್ಯಾಟು ಸಿಗುವುದಿಲ್ಲ, ಕೆಲವು ದಿನ ಅಡುಗೆಮನೆಯ ಕೆಲಸ. ಇಡೀ ತಂಡದ ಬೆಳಗಿನ ತಿಂಡಿಗೆ ಬರುವ ಮೊಟ್ಟೆಯ ಟ್ರೇಗಳನ್ನು ವ್ಯಾನಿನಿಂದ ಇಳಿಸಿ ಒಳಗಿಡಬೇಕು.

ಕಪಿಲಾತೀರಸಂಜಾತನೂ ವಾಮಕೋಣಾಧಿಪತಿಯೂ ಮಹಾರೈಡರದಮ್ಮುಭಂಜನನೂ ಆದ ವೀರನು ಮನಸ್ಸಿನಲ್ಲೇ ಲೆಕ್ಕ ಹಾಕಿದನು. ಮಾವನ ಫಾರ್ಮಿನಲ್ಲಿ ಟ್ರೇಗಳನ್ನು ವ್ಯಾನಿಗೆ ಏರಿಸುವುದಿತ್ತು, ಇಲ್ಲಿ ಇಳಿಸುವುದು. ಇಷ್ಟೆಲ್ಲ ಸಮರ ಮಾಡಿ ಅವನು ಗೆದ್ದುಕೊಂಡದ್ದು ಈ ವ್ಯತ್ಯಾಸವನ್ನು. ಆದರೂ ಅವನ ಮುಖ ಅಷ್ಟು ಸಂತೋಷದಿಂದ ಬೆಳಗಿದ್ದನ್ನು ಆ ಕಾಲೇಜು ಹಿಂದೆ ಕಂಡಿರಲಿಲ್ಲ.

“ಬತ್ತದೆ ಸಾರ್. ಒಂದೂ ಒಡೀದಂಗೆ ಇಳಿಸ್ತೀನಿ.”

ಎಂದವನೇ, ಮೊದಲನೆಯ ನಿಯಮವನ್ನು ಕೇಳಿ ಇನ್ನೂ ಒಂದು ನಿಮಿಷವೂ ಆಗಿರಲಿಲ್ಲ, ಬಗ್ಗಿ ಯಮನಪ್ಪನವರ ಶೂ ಮುಟ್ಟಿದನು. ಮಹಾರೈಡರರು ಈ ಸಲ ಎಚ್ಚರವಾಗಿದ್ದರು. ಹಿಂದಕ್ಕೆ ಹಾರಿ, ಎರಡೂ ಕೈಗಳಿಂದ ತಮ್ಮ ಬಾಯನ್ನು ಗಟ್ಟಿಯಾಗಿ ಮುಚ್ಚಿಕೊಂಡರು. ಹುಡುಗ ಬಾಗಿದವನು ಬಾಗಿಯೇ ಇದ್ದನು. ಚಿಕ್ಕತಾಯಮ್ಮ ಕುರ್ಚಿಯಿಂದ ಎದ್ದು ಬಂದು, ಈ ದೊಡ್ಡ ಮನುಷ್ಯನನ್ನು ಮೇಲಿಂದ ಕೆಳಗೆ ನೋಡಿದಳು.

“ಏನಪ್ಪಾ, ಮಗ ಅಷ್ಟೊತ್ತಿಂದ ಬಗ್ಗವ್ನೆ. ಒಂದ್ ಒಳ್ಳೇ ಮಾತ್ ಆಡಕ್ಕೆ ಬಾಯ್ ಬರಕಿಲ್ವಾ ನಿಂಗೆ?”

ಯಮನಪ್ಪನವರು ಅಜ್ಜಿಯ ಮುಖ ನೋಡಿದರು, ಅಜ್ಜಿಯ ಒಡೆದ ಹಿಮ್ಮಡಿಯನ್ನೂ ನೋಡಿದರು. ಮುಚ್ಚಿದ ಬೆರಳುಗಳ ಸಂದಿಯಿಂದ ‘ನೂರು ವರ್ಷ ಬಾಳು’ ಎಂಬುದು ತಾನಾಗಿ ಹೊರಬಂತು. ಆಮೇಲೆ ಅವರೇ ಬಗ್ಗಿ ಅಜ್ಜಿಯ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಇಷ್ಟೇ ಕಥೆ. ಎಲೈ ಉಸಿರೇ, ಹೇಳಿದಂತೆ ನಿಂತೆ, ಉಪಕಾರವಾಯಿತು. ನಾನೂ ಇಲ್ಲಿಗೆ ದಮ್ಮು ಬಿಡುತ್ತೇನೆ. ಕ್ರೀಡಾಕೊಠಡಿಯಲ್ಲಿ ಉಪ್ಪಿಟ್ಟಿನ ತಟ್ಟೆಗಳು ಹಾಗೆಯೇ ಬಿದ್ದಿದ್ದವು, ಕೆಂಡಗಣ್ಣ ಅವನ್ನು ತೊಳೆಯಲು ತೆಗೆದುಕೊಂಡು ಹೋದ.